ಓಣಿಯ ಮೇಲಿನ ನೂಲು

“ನಿಂದರ್ರಿ! ವಿಮಾನ ಮುಂದ ಹೋಗಂಗಿಲ್ಲ!”

ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಲೋಹಿತ ಕೂಗಿದ. ಬೆಟಗೇರಿಯ ನೇಕಾರರ ಓಣಿಯಲ್ಲಿ ಶವಯಾತ್ರೆ ನಿಂತಿತು, ಭಜನೆಯೂ ನಿಂತಿತು. ಹೂವಿನ ವಿಮಾನದಲ್ಲಿ ಕೂರಿಸಿದ್ದ ಅವನ ದೊಡ್ಡಪ್ಪ ಲಕ್ಷ್ಮಪ್ಪನ ಎದೆಮಟ್ಟಕ್ಕೆ ಬಣ್ಣದ ನೂಲುಗಳು ಅಡ್ಡ ಬಂದಿದ್ದವು.

ಅವಳಿ ನಗರದ ಕಲಾ ಹಬ್ಬಕ್ಕೆಂದು ಮನೆಯಿಂದ ಮನೆಗೆ, ಓಣಿಯುದ್ದಕ್ಕೂ ಚಪ್ಪರದ ಹಾಗೆ ಎಳೆದ ನೂಲು ಅದು. ನಾಳೆ ಉದ್ಘಾಟನೆ. ಕಟ್ಟಿದವನು ಲಕ್ಷ್ಮಪ್ಪನೇ. ಬಣ್ಣ ಹಾಕಿದವನು ಅವನ ಐವತ್ತು ವರ್ಷದ ಗೆಳೆಯ ಫಕ್ರುಸಾಬ.

“ಹೆಣ ಹಿಂದಕ್ಕ ಹೊಳ್ಳಸಬಾರದು, ನಡು ಓಣ್ಯಾಗ ಹೆಗಲಿಂದ ಇಳಸಬಾರದು. ಕೊಯ್ಯೂದ ದಾರಿ, ಕಾಕಾ,” ಎಂದ ಲೋಹಿತ ಫಕ್ರುಸಾಬನಿಗೆ.

“ಬ್ಯಾಡೋ ಯಪ್ಪಾ. ಅವರ ಕೈಯಾಗಿನ ಕಡೀ ಕೆಲಸ ಅದು,” ಎಂದಳು ಲಕ್ಷ್ಮಪ್ಪನ ಹೆಂಡತಿ ಹನಮವ್ವ.

ಫಕ್ರುಸಾಬನಿಗೆ ಗೆಳೆಯನ ಮೇಲೆ ಸಿಟ್ಟೇ ಬಂತು. ಹೋಗುವವನು ಹೋದ, ಪೇಚು ಇವನ ಕೊರಳಿಗೆ ಕಟ್ಟಿ ಹೋದ.

*

ಹದಿನೈದು ದಿನದ ಹಿಂದೆ ಹಬ್ಬದ ಕಲಾವಿದೆ ಸೀಮಾ ಲಕ್ಷ್ಮಪ್ಪನನ್ನು ಕೇಳಿದ್ದಳು: “ಎಷ್ಟು ಎತ್ತರ ಕಟ್ಟೂಣ್ರಿ ಅಜ್ಜಾರ?”

“ತಲಿ ಮ್ಯಾಲ ಒಂದು ಮೊಳ ಸಾಕವ್ವ. ಸ್ವಲ್ಪ ಜೋಲು ಬಿಡು. ಕೈಗೆ ಸಿಗಲಾರದ ನೂಲು ಎದಕ್ಕ?”

ಓಣಿಯ ಎಷ್ಟೋ ವಿಮಾನಗಳಿಗೆ ಹೆಗಲು ಕೊಟ್ಟ ಮನುಷ್ಯನಿಗೆ ವಿಮಾನವೇ ಮರೆತುಹೋಗಿತ್ತು. ಮಗ್ಗ ಮಾರಿ ಹನ್ನೆರಡು ವರ್ಷವಾದ ಮೇಲೆ ಕೈಗೆ ನೂಲು ಬಂದಿತ್ತು. ಆ ಖುಷಿಯಲ್ಲಿ ಸಾವು ಯಾರಿಗೆ ನೆನಪಿರುತ್ತದೆ? “ಲೇ ಫಕ್ರು, ನೋಡಲೇ, ಓಣಿ ಮತ್ತ ಓಣಿ ಆತು,” ಎಂದು ಮಗುವಿನ ಹಾಗೆ ನಕ್ಕಿದ್ದ.

*

“ನಾನ ಹೇಳ್ತೀನ್ರಿ, ಕೊಯ್ರಿ,” ಎಂದಳು ಸೀಮಾ, ಕಣ್ಣೊರೆಸಿಕೊಳ್ಳುತ್ತ. ಲೋಹಿತ ಪಕ್ಕದವರಿಂದ ಕುಡುಗೋಲು ಇಸಿದುಕೊಂಡ.

ಫಕ್ರುಸಾಬ ಅವನ ಕೈ ಹಿಡಿದ. ಆಮೇಲೆ ಮುದಿ ಗಂಟಲು ಬಿರಿಯುವ ಹಾಗೆ ಕೂಗಿದ: “ಹಾಸು ಎತ್ತರೀಽಽ!”

ಸೀರೆಯ ಹಾಸನ್ನು, ಎಂದರೆ ಉದ್ದೆಳೆಯ ನೂಲನ್ನು, ಓಣಿಯುದ್ದಕ್ಕೆ ಚಾಚಿ ಗಂಜಿ ಹಚ್ಚುತ್ತಿದ್ದ ಕಾಲದ ಕೂಗು ಅದು. ದನ ಬರಲಿ, ಗಾಡಿ ಬರಲಿ, ಆ ಕೂಗು ಕೇಳಿದರೆ ಎರಡೂ ಬದಿಯವರು ಕೋಲು ಕೊಟ್ಟು ನೂಲೆತ್ತಿ ಹಾದಿ ಬಿಡುತ್ತಿದ್ದರು. ಮೂವತ್ತು ವರ್ಷದಿಂದ ಯಾರೂ ಕೂಗಿರಲಿಲ್ಲ.

ಮೊದಲು ಹೊರಬಂದವಳು ಎಂಬತ್ತರ ಶಂಕ್ರೆವ್ವ, ಅರಿವೆ ಒಣಹಾಕುವ ಗಳ ಹಿಡಿದು. ಆಮೇಲೆ ಎದುರುಮನೆಯವರು, ಅವರ ಬಾಜೂದವರು. ಹುಡುಗರು ಮಾಳಿಗೆ ಹತ್ತಿ ಎಳೆದರು. ನೂಲುಗಳು ಒಂದೊಂದಾಗಿ ಮೇಲೆದ್ದವು. ಲಕ್ಷ್ಮಪ್ಪ ಒಂದೆಳೆಯನ್ನೂ ಹರಿಯದೆ ಅವುಗಳ ಕೆಳಗೆ ಹಾದುಹೋದ.

ಓಣಿಯ ಮೂಲೆಯಲ್ಲಿ ಫಕ್ರುಸಾಬ ತಿರುಗಿ ನೋಡಿದ. ವಿಮಾನ ದಾಟಿ ಎಷ್ಟೋ ಹೊತ್ತಾಗಿತ್ತು. ಯಾರೂ ಗಳ ಇಳಿಸಿರಲಿಲ್ಲ. ಗಳ ಸಿಗದ ಹನಮವ್ವ ಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು, ಎರಡೂ ಕೈಯಿಂದ ನೂಲು ಎತ್ತಿ ಹಿಡಿದೇ ಇದ್ದಳು.