ಎಂಟು ಹುಂಜಗಳ ಮನೆ

ವಾರಕ್ಕೆ ಒಂದೇ ಒಂದು ದಿನ, ಭಾನುವಾರ, ಅವಳು ಕೈಗೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದಳು. ಉಳಿದ ಆರು ದಿನ ಹ್ಯಾಚರಿಯಲ್ಲಿ ದೀಪದ ಕೆಳಗೆ ಕೂತು, ಆಗತಾನೇ ಮೊಟ್ಟೆಯೊಡೆದು ಬಂದ ಕೋಳಿಮರಿಗಳನ್ನು ಒಂದೊಂದಾಗಿ ಎತ್ತಿ, ಹೇಂಟೆ ಯಾವುದು ಹುಂಜ ಯಾವುದು ಎಂದು ಬೇರೆ ಮಾಡುವುದು ಅವಳ ಕೆಲಸ. ಗಂಟೆಗೆ ಎಂಟುನೂರು ಮರಿ. ಹೆಬ್ಬೆರಳಿನ ಬುಡ ಸದಾ ನೋಯುತ್ತಿತ್ತು. ಆ ಭಾನುವಾರವೂ ಎಣ್ಣೆ ಬಟ್ಟಲು ಹಿಡಿದು ಕೂತಿದ್ದಳಷ್ಟೆ, ಪೋಸ್ಟ್‌ಮ್ಯಾನ್ ಹೆಂಡತಿ ತನ್ನ ಬಸುರಿ ಮಗಳನ್ನು ಮುಂದೆ ಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ಬಿಡುವಾಗಿದ್ದೀಯೇನಮ್ಮಾ? ಒಂದೇ ನಿಮಿಷ. ಹೊಟ್ಟೆ ಮೇಲೆ ಕೈಯಿಟ್ಟು ಯಾವುದು ಅಂತ ಹೇಳಿಬಿಡು, ಹೊರಟುಬಿಡ್ತೀವಿ."

"ನಾನು ನೋಡೋದು ಕೋಳಿಮರಿ ಕಣ್ರೀ. ಮನುಷ್ಯರ ಮರಿ ಅಲ್ಲ."

"ಅದು ಗೊತ್ತಮ್ಮಾ. ಆದ್ರೂ ಕೈಗುಣ ಅಂತ ಒಂದಿರುತ್ತಲ್ಲ."

"ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಕೈನೋವು ಒಂದಿದೆ. ಬೇಕಾದ್ರೆ ತಗೊಂಡು ಹೋಗಿ."

ತಾಯಿ ಮಗಳು ಮುಖ ಊದಿಸಿಕೊಂಡು ಹೊರಟರು. "ನಾಲ್ಕು ಕೋಳಿ ಹಿಂಡಿ ನೋಡೋಕೆ ಬಂದುಬಿಟ್ರೆ ಎಷ್ಟು ಧಿಮಾಕು ನೋಡೇ" ಎಂಬ ಮಾತು ಬೀದಿಯಿಂದ ಕೇಳಿತು. ಆ ತಿಂಗಳು ಹೀಗೆ ಬಂದವರಲ್ಲಿ ಇವರು ಮೂರನೆಯವರು. ಅವಳಿಗೆ ರೋಸಿಹೋಗಿತ್ತು.

ಇದಕ್ಕೆಲ್ಲ ಮೂಲ ಅವಳ ಅತ್ತೆ. ಎರಡು ವರ್ಷದ ಹಿಂದೆ ನಾದಿನಿ ಬಸುರಿಯಾಗಿದ್ದಾಗ ಎಲ್ಲರೂ ಸೇರಿ ಪೀಡಿಸಿದರು ಎಂದು, ಮಾತು ಮುಗಿಸುವುದಕ್ಕೋಸ್ಕರ, "ಗಂಡೇ ಆಗುತ್ತೆ, ಈಗ ಟೀ ಕುಡೀರಿ" ಎಂದಿದ್ದಳು. ಗಂಡೇ ಆಯಿತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂದು ಬೇರೆಯವರು ಬಿಟ್ಟುಬಿಡುತ್ತಿದ್ದರು. ಅತ್ತೆ ಬಿಡುವ ಪೈಕಿಯಲ್ಲ. ನಮ್ಮ ಹಿರೀ ಸೊಸೆ ಮುಟ್ಟಿದರೆ ಸಾಕು, ಒಳಗಿರೋದು ಯಾವುದು ಅಂತ ತಿಳಿಯುತ್ತೆ ಎಂದು ಬೀದಿಗೆಲ್ಲ ಸಾರಿಕೊಂಡು ಬಂದರು. ಹೆಮ್ಮೆಯಿಂದಲೇ ಸಾರಿದ್ದು, ಅದನ್ನು ಇಲ್ಲವೆನ್ನಲಾಗದು. ಆ ಹೆಮ್ಮೆಯೇ ಸೊಸೆಗೆ ತಲೆನೋವಾಗಿತ್ತು.

ಹೆಮ್ಮೆ ಅಷ್ಟಕ್ಕೇ ನಿಂತಿದ್ದರೂ ಬದುಕಬಹುದಿತ್ತು. ಸೊಸೆಯ ವಿದ್ಯೆ ತನಗೂ ಬಂದಿದೆ ಎಂದುಕೊಂಡದ್ದು ಅತ್ತೆಯ ಇನ್ನೊಂದು ಸಾಹಸ. ಬಿಳಿ ಕೋಳಿಯ ಒಂದು ತಳಿಯಲ್ಲಿ ಮರಿಯ ರೆಕ್ಕೆ ಬಿಡಿಸಿ ನೋಡಿದರೆ ಸಾಕು. ಗರಿಗಳಲ್ಲಿ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೇಂಟೆ, ಎಲ್ಲ ಒಂದೇ ಸಮ ಇದ್ದರೆ ಹುಂಜ. ಕಂದು ಮೊಟ್ಟೆಯ ತಳಿಯಲ್ಲಿ ರೆಕ್ಕೆಯ ಗೋಜೇ ಇಲ್ಲ, ಬಣ್ಣವೇ ಹೇಳುತ್ತದೆ: ಕೆಂಚು ಮರಿ ಹೇಂಟೆ, ತಿಳಿ ಹಳದಿಯದು ಹುಂಜ. ನಾಟಿ ಕೋಳಿಯಲ್ಲಿ ರೆಕ್ಕೆಯೂ ಹೇಳದು, ಬಣ್ಣವೂ ಹೇಳದು. ಹುಟ್ಟಿದ ದಿನವೇ ಬಾಲದಡಿ ಮೆಲ್ಲಗೆ ಒತ್ತಿ, ಸಾಸಿವೆಗಿಂತ ಚಿಕ್ಕ ಗಂಟು ಇದೆಯೇ ಇಲ್ಲವೇ ನೋಡಬೇಕು. ಅದನ್ನು ಕಲಿಯಲು ಅವಳಿಗೇ ಮೂರು ವರ್ಷ ಹಿಡಿದಿತ್ತು. ಇಷ್ಟನ್ನೂ ಒಂದು ಸಂಜೆ ಅತ್ತೆಗೆ ವಿವರಿಸಲು ಹೊರಟಿದ್ದಳು. ಅತ್ತೆ ರೆಕ್ಕೆಯ ಮಾತಿನವರೆಗೆ ಕೇಳಿ ಎದ್ದುಹೋಗಿದ್ದರು.

ಮರುವಾರ ಬುಟ್ಟಿಯವನೊಬ್ಬ ನಾಟಿ ಮರಿ ಮಾರಿಕೊಂಡು ಬಂದ. ಸೊಸೆ ಕೆಲಸಕ್ಕೆ ಹೋಗಿದ್ದಳು. ಅತ್ತೆ ಒಂದೊಂದು ಮರಿಯ ರೆಕ್ಕೆಯನ್ನೂ ಬಿಡಿಸಿ, ಕಣ್ಣು ಕಿರಿದು ಮಾಡಿ ನೋಡಿ, ಹನ್ನೆರಡು ಹೇಂಟೆ ಆರಿಸಿದರು. ಐದು ತಿಂಗಳಿಗೆ ಹನ್ನೆರಡರಲ್ಲಿ ಎಂಟು ಹೇಂಟೆಗಳು ಬೆಳಗಿನ ಜಾವಕ್ಕೆ ಎದ್ದು ಕೊಕ್ಕೊಕ್ಕೋ ಎಂದವು. ಬುಟ್ಟಿಯವನು ಮೋಸ ಮಾಡಿದ ಎಂದು ಅತ್ತೆ ಮೂರು ಬೀದಿಗೆ ಕೇಳುವ ಹಾಗೆ ಅವನ ವಂಶವನ್ನೆಲ್ಲ ಬೈದರು. ನಿಜ ಗೊತ್ತಿದ್ದದ್ದು ಮೈದುನನ ದೊಡ್ಡ ಮಗಳಿಗೆ. "ಅಜ್ಜೀನೇ ರೆಕ್ಕೆ ಬಿಡಿಸಿ ಬಿಡಿಸಿ ನೋಡಿದ್ದು ದೊಡ್ಡಮ್ಮಾ" ಎಂದು ಅವಳು ಕಿವಿಯಲ್ಲಿ ಹೇಳಿದ್ದಳು. ಸೊಸೆ ನಕ್ಕು ಸುಮ್ಮನಾಗಿದ್ದಳು. ಹುಂಜಗಳು ಮಾತ್ರ ಸುಮ್ಮನಾಗಲಿಲ್ಲ. ಒಂದು ಅಂಗಳದಲ್ಲಿ ಎಂಟು ಹುಂಜ, ಕಾದಾಟ ತಪ್ಪಿದ ದಿನವಿಲ್ಲ; ಒಂದು ಆಗಲೇ ಕುಂಟುತ್ತಿತ್ತು. ಒಂದನ್ನು ಬುಟ್ಟಿಯಡಿ ಮುಚ್ಚಿದರೆ ಇನ್ನೊಂದು ಗೋಡೆ ಹತ್ತುತ್ತಿತ್ತು. ಕೊಟ್ಟುಬಿಡಿ ಎಂದು ಯಾರು ಕೇಳಿದರೂ ಅತ್ತೆ ಕೊಡಲಿಲ್ಲ.

ಈಗ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಮೂರನೇ ಸಲ ಬಸುರಿ. ಮೊದಲಿನ ಎರಡೂ ಹೆಣ್ಣು. ಪಕ್ಕದ ಪೇಟೆಯಲ್ಲಿ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡು, ಮೆಷಿನ್ನಿನಲ್ಲಿ ನೋಡಿ ಹೇಳಿ, ಬೇಡವೆಂದರೆ ಅಲ್ಲೇ ತೆಗೆದುಹಾಕುವವನೊಬ್ಬನಿದ್ದ. ಮೈದುನ ಸೋಮವಾರ ಬೆಳಿಗ್ಗೆಗೆ ಗೊತ್ತು ಮಾಡಿ ಬಂದಿದ್ದ. ಅತ್ತೆಗೆ ಆ ಮೆಷಿನ್ನಿನ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಮನೆಯಲ್ಲೇ ಕೈಗುಣ ಇರುವಾಗ ಪೇಟೆಗೆ ಯಾಕೆ? ಇದೇ ಭಾನುವಾರ ಸಂಜೆ ಹಿರೀ ಸೊಸೆ ಕೈಯಿಟ್ಟು ನೋಡಲಿ, ಗಂಡು ಅಂದರೆ ಸೋಮವಾರದ ಪ್ರಯಾಣ ಬೇಡ, ಹೆಣ್ಣು ಅಂದರೆ ಹೊರಡಿ ಎಂದು ತೀರ್ಪು ಕೊಟ್ಟಿದ್ದರು.

"ಗಂಡು ಅಂದುಬಿಡು, ಏನೀಗ?" ಎಂದು ಅವಳ ಗಂಡ ಪೇಪರಿನ ಹಿಂದಿನಿಂದ ಹೇಳಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

"ಹೆಣ್ಣು ಹುಟ್ಟಿದ್ರೆ?"

"ಆಗ ನೋಡಿಕೊಳ್ಳೋಣ."

"ಯಾರು, ನೀವಾ? ನೀವು ಪೇಪರ್ ನೋಡ್ತೀರಿ."

ಅಡಿಗೆಮನೆಯಲ್ಲಿ ಓರಗಿತ್ತಿ ಪಾತ್ರೆ ಉಜ್ಜುತ್ತಿದ್ದಳು. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದಳು. ಇವಳು ಒಳಗೆ ಬಂದದ್ದೇ ನಲ್ಲಿ ನಿಲ್ಲಿಸಿ ಕೈ ಹಿಡಿದುಕೊಂಡಳು.

"ಅಕ್ಕಾ, ಗಂಡು ಅಂತ ಹೇಳಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಒಂಬತ್ತು ತಿಂಗಳ ತನಕ ನೆಮ್ಮದಿಯಾಗಿ ಇದ್ದುಬಿಡ್ತೀನಿ."

"ಆಮೇಲೆ?"

"ಆಮೇಲೆ ಹುಟ್ಟಿಬಿಟ್ಟಿರುತ್ತಲ್ಲ ಅಕ್ಕಾ. ಹುಟ್ಟಿದ ಮೇಲೆ ಏನು ಮಾಡ್ತಾರೆ? ಬೈತಾರೆ. ಬೈಸಿಕೊಳ್ತೀನಿ."

ಹಿರೀ ಸೊಸೆಗೆ ಕೋಪ ಬಂತು. ಯಾರ ಮೇಲೆ ಎಂದು ಹೇಳುವುದು ಕಷ್ಟ, ಎಲ್ಲರ ಮೇಲೂ ಬಂತು. ಗಂಡು ಎಂದು ಒಂದು ಸುಳ್ಳು ಹೇಳುವುದೇನು ದೊಡ್ಡದಲ್ಲ. ಆದರೆ ಹಾಗೆ ಹೇಳಿದರೆ ಕೈಗುಣ ಇದೆ ಎಂದು ತಾನೇ ಒಪ್ಪಿಕೊಂಡಂತೆ. ನಾಳೆ ಪೋಸ್ಟ್‌ಮ್ಯಾನ್ ಹೆಂಡತಿ ಮತ್ತೆ ಮಗಳನ್ನು ಕರೆದುಕೊಂಡು ಬಂದು ಕೂರುತ್ತಾಳೆ. ಎಷ್ಟು ಜನಕ್ಕೆ ಗಂಡು ಅನ್ನುವುದು? ಒಂದಿಷ್ಟು ಹೊತ್ತು ಯೋಚಿಸಿದಳು. ಕೊನೆಗೆ ಕೈಗುಣವನ್ನೇ ಕೊಂದುಬಿಡುವುದು ಒಳ್ಳೆಯದು ಅನಿಸಿತು. ಹನ್ನೆರಡು ವರ್ಷದ ಕಸುಬಿನಲ್ಲಿ ನೂರಕ್ಕೆ ಎರಡು ಮರಿ ತಪ್ಪಿದರೂ ರಾತ್ರಿ ಊಟ ಸೇರದವಳಿಗೆ ಅದು ಸುಲಭವಾಗಿರಲಿಲ್ಲ.

ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಓರಗಿತ್ತಿಯನ್ನು ಚಾಪೆಯ ಮೇಲೆ ಕೂರಿಸಿದ್ದರು. "ಬಾಮ್ಮಾ, ಕೈಯಿಡು" ಎಂದರು ಅತ್ತೆ.

"ಇಡಲ್ಲ. ನನ್ನ ಕೈ ನಂಬಬೇಡಿ. ಅಂಗಳದಲ್ಲಿ ಎಂಟು ಹುಂಜ ಇವೆಯಲ್ಲ, ಬುಟ್ಟಿಯವನ ತಪ್ಪಲ್ಲ ಅದು. ಆ ಹನ್ನೆರಡು ಮರೀನೂ ಆರಿಸಿದ್ದು ನಾನು. ಹೇಂಟೆ ಅಂತ ಗುರುತು ಹಾಕಿಕೊಟ್ಟು ಕೆಲಸಕ್ಕೆ ಹೋಗಿದ್ದೆ. ಅತ್ತೆ ನನ್ನ ಮಾನ ಉಳಿಸೋಕೆ ಅವನನ್ನ ಬೈದರು, ಅಷ್ಟೆ. ಕೋಳಿಯಲ್ಲೇ ಹನ್ನೆರಡಕ್ಕೆ ಎಂಟು ತಪ್ಪಿದವಳು ಮನುಷ್ಯರದ್ದು ಏನು ಹೇಳ್ತಾಳೆ?"

ಅತ್ತೆಯ ಮುಖ ಹುಂಜದ ಜುಟ್ಟಿನಷ್ಟೇ ಕೆಂಪಾಯಿತು.

ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಮೈದುನ ಬೇರೆಯೇ ಲೆಕ್ಕ ಹಾಕಿದ. "ಅತ್ತಿಗೆ ಕೈಯೂ ಇಷ್ಟೇ ಅಂತಾಯ್ತು. ಸರಿ, ಹಾಗಾದ್ರೆ ನಾಳೆ ಮೆಷಿನ್ನೇ ಗತಿ. ಏಳಕ್ಕೆ ಹೊರಡೋಣ."

ಚಾಪೆಯ ಮೇಲಿದ್ದವಳು ತಲೆ ಎತ್ತಲಿಲ್ಲ. ಇವಳಿಗೆ ಮೈಯೆಲ್ಲ ಉರಿಯಿತು. ಮಾನ ಹೋದದ್ದೂ ಹೋಯಿತು, ಕೆಲಸವೂ ಕೆಟ್ಟಿತು.

"ನಿಮಗೆ ಅದನ್ನ ತಿಳಿದುಕೊಂಡು ಏನಾಗಬೇಕು?"

"ಹೀಗಂದ್ರೆ ಹೇಗೆ ಅತ್ತಿಗೆ? ಎರಡಿವೆ. ಮೂರನೇದೂ ಅದೇ ಆದ್ರೆ ನಾನೊಬ್ಬ ದುಡಿದು ಎಷ್ಟು ಅಂತ ಎಳೀಲಿ? ನಾನೇನು ರಾಕ್ಷಸನಾ? ಇರೋ ಎರಡನ್ನ ಚೆನ್ನಾಗೇ ಸಾಕ್ತಿಲ್ವಾ?"

"ಗಂಡಾದ್ರೆ ಅದೇನು ಗಾಳಿ ಕುಡಿದು ಬೆಳೆಯುತ್ತಾ?"

"ನಿನಗೇನಮ್ಮಾ," ಎಂದು ಅತ್ತೆಯ ಬಾಯಿ ಈಗ ಬಿಚ್ಚಿತು. "ನಿನಗೆ ಒಬ್ಬ ಮಗ ಇದ್ದಾನೆ, ಮಾತಾಡ್ತೀಯ. ಎಲ್ಲಿ ಹೋದ್ರೂ ಜನ ಕೇಳೋದು ನನ್ನನ್ನ. ಕಿರಿಯವನಿಗೆ ಗಂಡಿಲ್ವಾ, ಗಂಡಿಲ್ವಾ ಅಂತ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

"ಹ್ಯಾಚರಿಯಲ್ಲೂ ದಿನಾ ಇದನ್ನೇ ಕೇಳ್ತಾರೆ ಅತ್ತೆ, ಇದು ಯಾವುದು ಇದು ಯಾವುದು ಅಂತ. ಅಲ್ಲಿ ಹೇಂಟೆ ಬೇಕು, ಹುಂಜ ಬೇಡ. ನಾನು ಹುಂಜ ಅಂದದ್ದು ನೀಲಿ ಟ್ರೇಗೆ ಹೋಗುತ್ತೆ. ಮಧ್ಯಾಹ್ನ ಆ ಟ್ರೇ ತಗೊಂಡು ಹೋಗಿ ಸಾಯಿಸೋಕೆ ಒಬ್ಬ ಬರ್ತಾನೆ. ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ನಾನು ಆ ಕಡೆ ತಿರುಗಿ ನೋಡಿಲ್ಲ. ನೋಡಿದ್ರೆ ಮಾರನೇ ದಿನ ಕೆಲಸಕ್ಕೆ ಹೋಗೋಕಾಗಲ್ಲ. ಈ ಪ್ರಶ್ನೆಯನ್ನ ಯಾರೂ ಸುಮ್ಮನೆ ಕೇಳಲ್ಲ ಅತ್ತೆ. ಟ್ರೇ ಮೊದಲೇ ತಂದಿಟ್ಟುಕೊಂಡು ಆಮೇಲೆ ಕೇಳ್ತಾರೆ."

ಅಷ್ಟರಲ್ಲಿ ಹೊರಗೆ ಒಂದು ಹುಂಜ ಹೊತ್ತುಗೊತ್ತಿಲ್ಲದೆ ಕೂಗಿತು. ಅದನ್ನು ಕೇಳಿ ಇನ್ನೊಂದು, ಮತ್ತೊಂದು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅವನ್ನೇ ನೋಡಿ. ಒಂದಾದ್ರೂ ಮೊಟ್ಟೆ ಇಡುತ್ತಾ? ಬೀದಿಯವರೆಲ್ಲ ಬೈತಾರೆ. ದಿನಾ ಎಂಟಕ್ಕೂ ಕಾಳು ಹಾಕ್ತೀರಿ, ಕುಂಟನಿಗೆ ಬೇರೆಯಾಗಿ ಕೈಯಲ್ಲೇ ತಿನ್ನಿಸ್ತೀರಿ. ಬೇಡದ್ದು ಬಂತು ಅಂತ ಒಂದನ್ನಾದ್ರೂ ಹೊರಗೆ ಹಾಕಿದ್ರಾ? ಅವಳ ಹೊಟ್ಟೇಲಿರೋದೊಂದು ಏನು ಪಾಪ ಮಾಡ್ತು ಅತ್ತೆ?"

ಗಂಡ ಪೇಪರ್ ಮಡಿಸಿ ಪಕ್ಕಕ್ಕಿಟ್ಟ. ಅವನ ಮಟ್ಟಿಗೆ ಅದೇ ದೊಡ್ಡ ಮಾತು.

ಅತ್ತೆ ಎದ್ದು ಹೊರಗೆ ಹೋದರು. ಕಾಳಿನ ಡಬ್ಬ ಅಲುಗಿದ ಸದ್ದು ಕೇಳಿತು, ಹುಂಜಗಳು ಓಡಿಬಂದ ಸದ್ದು ಕೇಳಿತು. ತುಂಬ ಹೊತ್ತಾದ ಮೇಲೆ ಒಳಗೆ ಬಂದು ಸೆರಗಿಗೆ ಕೈ ಒರೆಸಿಕೊಂಡರು.

"ಆ ಮರಿಗಳನ್ನ ಆರಿಸಿದ್ದು ನಾನು," ಎಂದು ಕಿರಿಮಗನಿಗೆ ಹೇಳಿದರು. "ನಿಮ್ಮತ್ತಿಗೆ ಸುಳ್ಳು ಹೇಳ್ತಿದ್ದಾಳೆ. ಅವಳು ಮುಟ್ಟಿದ್ದಿದ್ರೆ ಹನ್ನೆರಡೂ ಹೇಂಟೆಯೇ ಆಗಿರೋವು. ಎಲ್ಲ ಗೊತ್ತಿರೋಳ ಹಾಗೆ ರೆಕ್ಕೆ ನೋಡಿದೆ. ನಾಳೆ ಎಲ್ಲಿಗೂ ಹೋಗೋದು ಬೇಡ."

"ಅಮ್ಮಾ, ಹೋಗಿ ಅಂದಿದ್ದು ನೀನೇ ಅಲ್ವಾ?"

"ಅಂದಿದ್ದೆ. ಎಲ್ಲ ಗೊತ್ತಿರೋಳ ಹಾಗೆ ಅದನ್ನೂ ಅಂದಿದ್ದೆ. ಹೋಗೋ, ಆ ಮನುಷ್ಯನಿಗೆ ಫೋನ್ ಮಾಡಿ ಬರಲ್ಲ ಅನ್ನು. ನನ್ನ ಎದುರಿಗೇ ಮಾಡು."

ಅವನು ಗೊಣಗಿದ, ನೆಲ ನೋಡಿದ, ಹೆಂಡತಿಯನ್ನು ನೋಡಿದ. ಅವಳು ಆಗಲೂ ತಲೆ ಎತ್ತಿರಲಿಲ್ಲ. ಕಣ್ಣೀರು ಮಾತ್ರ ಚಾಪೆಯ ಮೇಲೆ ಬೀಳುತ್ತಿತ್ತು. ಅವನು ಫೋನ್ ಮಾಡಿದ.

ಮುಂದಿನ ಭಾನುವಾರ ಪೋಸ್ಟ್‌ಮ್ಯಾನ್ ಹೆಂಡತಿ ಮಗಳೊಂದಿಗೆ ಮತ್ತೆ ಬಂದಳು. ಹಿರೀ ಸೊಸೆ ಎಣ್ಣೆ ಬಟ್ಟಲು ಇಟ್ಟು ಏಳುವಷ್ಟರಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಆರು ತಿಂಗಳಿಂದ ಹೊಟ್ಟೆಯಲ್ಲಿ ಮುಚ್ಚಿಟ್ಟುಕೊಂಡಿದ್ದ ಹುಂಜದ ಕಥೆಯನ್ನು, ತಾವು ಕಣ್ಣು ಕಿರಿದು ಮಾಡಿದ್ದರಿಂದ ಹಿಡಿದು ಬುಟ್ಟಿಯವನನ್ನು ಸುಮ್ಮಸುಮ್ಮನೆ ಬೈದದ್ದರವರೆಗೆ, ಒಂದೂ ಬಿಡದೆ ಹೇಳಿದರು. ಕೇಳಿದವರು ನಕ್ಕರು. ಅತ್ತೆ ನಗಲಿಲ್ಲ. "ನಮ್ಮನೇಲಿ ಕೈಗುಣ ಅಂದ್ರೆ ಇದು. ಇನ್ನೂ ನೋಡಬೇಕಾ?" ಎಂದು ಕೇಳಿದರು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ಬಿಸಿಲಲ್ಲಿ ನಡೆಸಿಕೊಂಡು ಬಂದಿದ್ದಾರೆ, ಕೂತು ನೀರು ಕುಡಿದು ಹೋಗಮ್ಮಾ" ಎಂದರು.

ಓರಗಿತ್ತಿಗೆ ದಿನ ತುಂಬಿ ಹೆರಿಗೆಯಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬೀದಿಯ ಅರ್ಧ ಜನ ಅಂಗಳದಲ್ಲಿ ನೆರೆದಿದ್ದರು. ಅತ್ತೆ ಕೂಸನ್ನು ಸೆರಗಿನಡಿ ಮುಚ್ಚಿಕೊಂಡು, ಕಾಲಿಗೆ ಅಡ್ಡ ಬರುತ್ತಿದ್ದ ಹುಂಜಗಳನ್ನು ಸರಿಸುತ್ತ ಬಂದರು.

"ಏನು ಹುಟ್ತು?" ಎಂದು ಪೋಸ್ಟ್‌ಮ್ಯಾನ್ ಹೆಂಡತಿ ಎಲ್ಲರಿಗಿಂತ ಮೊದಲು ಕೇಳಿದಳು.

"ಮಗು."

"ಅಯ್ಯೋ, ಅದಲ್ಲ. ಯಾವುದು ಅಂತ?"

ಅತ್ತೆ ಕೂಸಿನ ಮೇಲೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು.

"ಮೂರು ಕೆ.ಜಿ.," ಎಂದು ಹೇಳಿ ಒಳಗೆ ಹೋದರು.