ನೆಬ್ರಿಸಳ ಒಂಬತ್ತು

ಒಂದಾನೊಂದು ಕಾಲದಲ್ಲಿ, ಜಗತ್ತಿನ ಗೋಧಿಯೆಲ್ಲ ಒಂದೇ ನದಿಯ ಬಾಯಿಗೆ ಬಂದು ಬೀಳುತ್ತಿದ್ದ ಕಾಲದಲ್ಲಿ, ಆ ನದಿ ಸಮುದ್ರ ಸೇರುವ ಕಡೆ ಒಸ್ತಿಯಾ ಎಂಬ ಊರಿತ್ತು. ಆ ಊರಲ್ಲಿ ಬೇಯಿಸಿದ ಕಡಲೆ ಮಾರುವ ಹೆಂಗಸೊಬ್ಬಳಿದ್ದಳು, ಹಿಲಾರಾ ಅಂತ. ಹಿಲಾರಾ ಎಂದರೆ ನಗುಮುಖದವಳು. ಅವಳಿಗೆ ಒಬ್ಬಳೇ ಮಗಳು, ನೆಬ್ರಿಸ್. ನೆಬ್ರಿಸ್ ಎಂದರೆ ಜಿಂಕೆಮರಿ. ಕಥೆಯ ಜಿಂಕೆಮರಿಯಾಗಿದ್ದರೆ ಕಾಡಿಗೆ ಹೋಗಿ ದಾರಿ ತಪ್ಪುತ್ತಿತ್ತು, ಯಾರೋ ರಾಜಕುಮಾರ ಅದರ ಹಿಂದೆ ಓಡುತ್ತಿದ್ದ. ಈ ಜಿಂಕೆಮರಿ ಎಲ್ಲಿಗೂ ಹೋಗಲಿಲ್ಲ. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಜೌಗಿನ ಕಡೆಯಿಂದ ಬರುವ ಜ್ವರ ಬಂತು. ಹಾಸಿಗೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ.

ಹಿಲಾರಾ ಅಳಲಿಲ್ಲ. ಅಳಬೇಕೆಂದು ಗೋಡೆಗೊರಗಿ ಕೂತಳು, ಬರಲಿಲ್ಲ. ಅಷ್ಟರಲ್ಲಿ ಒಲೆಯ ಮೇಲಿನ ಕಡಲೆ ತಳ ಹಿಡಿಯುವ ವಾಸನೆ ಬಂತು. ಎದ್ದು ಹೋಗಿ ಕಲಕಿದಳು.

ಗಂಡ ಗೋಧಿ ಹಡಗಿನಲ್ಲಿ ಈಜಿಪ್ಟಿಗೆ ಹೋಗಿದ್ದ. ಚಳಿಗಾಲಕ್ಕೆ ಸಮುದ್ರ ಮುಚ್ಚಿಬಿಟ್ಟಿತ್ತು, ವಸಂತದವರೆಗೆ ಹಡಗಿಲ್ಲ, ಸುದ್ದಿಯೂ ಇಲ್ಲ. ಆ ಒಬ್ಬನ ಪಾಲಿಗೆ ನೆಬ್ರಿಸ್ ಇನ್ನೂ ಬದುಕಿಯೇ ಇದ್ದಳು. ಹಿಲಾರಾ ಇದನ್ನು ಒಮ್ಮೆ ಯೋಚಿಸಿದಳು, ಮತ್ತೆ ಯೋಚಿಸಲಿಲ್ಲ.

ಮಗುವಿನ ಬೂದಿಯ ಗಡಿಗೆಯನ್ನು ಊರಾಚೆಯ ರಸ್ತೆ ಬದಿಯಲ್ಲಿ ಹೂತರು. ಪಕ್ಕದಲ್ಲೇ ನೆರೆಮನೆ ಮುಸ್ತಿಯಾಳ ಮಗನ ಕಲ್ಲು. ಆ ಹುಡುಗ ಮೂರು ವರ್ಷದವನಾಗಿ ಸತ್ತಿದ್ದ. ಮುಸ್ತಿಯಾ ಎಷ್ಟೋ ವರ್ಷ ಆ ಕಲ್ಲಿಗೆ ವೈನ್ ಸುರಿದು, ಹೂವಿಟ್ಟು, ಮುತ್ತಿಟ್ಟು ಬಂದಿದ್ದಳು. ಕೊನೆಗೊಂದು ದಿನ ದಾರಿಹೋಕನೊಬ್ಬ ನಿಂತು ಅದನ್ನು ಜೋರಾಗಿ ಓದಿದ: "ಹದಿಮೂರು ವರ್ಷ ಬದುಕಿದ." ಆಮೇಲೆ ಮುಸ್ತಿಯಾಳ ವಯಸ್ಸು ನೋಡಿ, "ಏನಮ್ಮಾ, ಗೊಂಬೆ ಆಡೋ ವಯಸ್ಸಲ್ಲೇ ಹೆತ್ತೆಯಾ?" ಎಂದು ನಕ್ಕ. ಕಲ್ಲಿನ ಮೇಲೆ ಹತ್ತರ ಗುರುತು ಮೊದಲೇ ಇತ್ತಂತೆ, ಕೆತ್ತುವವನು ಅದರ ಪಕ್ಕ ಮೂರು ಗೆರೆ ಎಳೆದಿದ್ದನಂತೆ. ಓದು ಬಾರದ ತಾಯಿ ಯಾರದೋ ಹದಿಮೂರು ವರ್ಷದ ಹುಡುಗನನ್ನು ಅಷ್ಟು ಕಾಲ ಮುದ್ದಾಡಿದ್ದಳು.

ಮಣ್ಣು ಮುಚ್ಚುವಾಗ ಹಿಲಾರಾಗೆ ಅದು ನೆನಪಾಯಿತು. ಅವಳು ಬಗ್ಗಿ ಗಡಿಗೆಗೆ ಹೇಳಿದಳು: "ನಿನ್ನ ವಯಸ್ಸು ಬೇರೆ ಯಾರ ಕೈಯಲ್ಲೂ ಬರೆಸಲ್ಲ ಕಣೇ. ನಾನೇ ಕಲ್ತು ಬರೀತೀನಿ. ಹಿರಿಯರ ದಿನ ಬರೋದ್ರೊಳಗೆ ಬರೀತೀನಿ."

ಹಿರಿಯರ ದಿನಗಳು ಬರುವುದು ಫೆಬ್ರುವರಿಯಲ್ಲಿ. ಆಗ ಊರಿಗೆ ಊರೇ ರಸ್ತೆ ಬದಿಗೆ ಬಂದು ಸತ್ತವರ ಜೊತೆ ಕೂತು ಊಟ ಮಾಡುತ್ತದೆ, ಪಕ್ಕದ ಕಲ್ಲುಗಳನ್ನೂ ಓದುತ್ತದೆ.

ಕಲ್ಲುಕುಟಿಗ ಯೂಹೊದನ ಅಂಗಡಿ ನದಿಗೆ ಹೋಗುವ ಓಣಿಯಲ್ಲಿತ್ತು. ಅಲ್ಲಿ ಕಲ್ಲುಗಳನ್ನು ಮೊದಲೇ ತಯಾರು ಮಾಡಿ ಸಾಲಾಗಿ ಒರಗಿಸಿಡುತ್ತಿದ್ದರು. ಹೂಬಳ್ಳಿ, ಪಾರಿವಾಳ, ಸುತ್ತ ಚೌಕಟ್ಟು, 'ಇಷ್ಟು ವರ್ಷ ಬದುಕಿದಳು' ಎಂಬ ಸಾಲು, ಎಲ್ಲವೂ ಇರುತ್ತಿತ್ತು. ಹೆಸರಿಗೆ ಒಂದು ಖಾಲಿ ಜಾಗ, ವರ್ಷಕ್ಕೆ ಒಂದು ಖಾಲಿ ಜಾಗ. ಸತ್ತವರು ಬಂದು ತುಂಬಿಕೊಂಡರಾಯಿತು.

ಹಿಲಾರಾ ಸಾಲಿನ ಕೊನೆಯಲ್ಲಿದ್ದ ಚಿಕ್ಕ ಕಲ್ಲಿನ ಮುಂದೆ ನಿಂತಳು. ಮೇಲೊಂದು ಪಾರಿವಾಳ ಇಣುಕಿ ನೋಡುತ್ತಿತ್ತು.

"ಎಷ್ಟು ವರ್ಷದ ಮಗು?" ಎಂದ ಯೂಹೊದ, ಕೈಯ ಧೂಳು ಒರೆಸಿಕೊಳ್ಳುತ್ತ.

ಅವಳು ಎಡಗೈ ಎತ್ತಿ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಮೂರನ್ನೂ ಅಂಗೈಯ ಬುಡಕ್ಕೆ ಮಡಿಚಿ ತೋರಿಸಿದಳು. ಸಂತೆಯಲ್ಲಿ ಗದ್ದಲದ ನಡುವೆ ಎಲ್ಲರೂ ಒಂಬತ್ತು ತೋರಿಸುವುದು ಹಾಗೆಯೇ. ಅವಳಿಗೆ ಅಕ್ಷರ ಬಾರದು, ಆದರೆ ಬೆರಳಿನ ಲೆಕ್ಕ ತಪ್ಪಿದ್ದಿಲ್ಲ.

"ಒಂಬತ್ತು. ಸರಿ, ನಾಳಿದ್ದು ಬಾ, ಕೆತ್ತಿಟ್ಟಿರ್ತೀನಿ."

"ನಾನೇ ಕೆತ್ಬೇಕು ಮೇಸ್ತ್ರಿ. ಮಾತು ಕೊಟ್ಟಿದೀನಿ."

"ಯಾರಿಗೆ?"

"ಮಗೂಗೆ."

"ಓದು ಬರುತ್ತಾ?"

"ಇಲ್ಲ."

"ಉಳಿ ಯಾವತ್ತಾದ್ರೂ ಹಿಡಿದಿದೀಯಾ?"

"ಇಲ್ಲ."

"ಅಂದ್ರೆ ಎಲ್ಲಾ ತಯಾರಿ ಮಾಡ್ಕೊಂಡೇ ಬಂದಿದೀಯ ಅನ್ನು!"

ಒಳಗಿನಿಂದ ಅವನ ಹೆಂಡತಿ ಮೇವಿಯಾ ಈರುಳ್ಳಿ ಹೆಚ್ಚುವ ಚಾಕು ಹಿಡಿದೇ ಬಾಗಿಲಿಗೆ ಬಂದಳು. "ಪಾಪದವಳನ್ನ ಯಾಕ್ರೀ ಗೋಳು ಹೊಯ್ಕೋತೀರ? ಮುಸ್ತಿಯಾ ಮಗನಿಗೆ ಹತ್ತು ವರ್ಷ ಪುಕ್ಕಟೆ ಕೊಟ್ಟೋರು ಯಾರು?"

"ಅದು ಕಲ್ಲಲ್ಲಿ ಮೊದ್ಲೇ ಇತ್ತು ಕಣೇ."

"ಕಲ್ಲಲ್ಲಿತ್ತು. ನಿಮ್ಮ ಕಣ್ಣೆಲ್ಲಿತ್ತು?"

ಯೂಹೊದನ ಕಿವಿ ಕೆಂಪಾಯಿತು. "ದಿನಾ ಬರುವಾಗ ಒಂದು ಬೊಗಸೆ ಕಡಲೆ ತಾ," ಎಂದ. "ಉಪ್ಪು ಜಾಸ್ತಿ ಇರ್ಲಿ."

ಪಾಠ ಬೂದಿಯಲ್ಲಿ ಶುರುವಾಯಿತು. ಯೂಹೊದ ಒಲೆಯ ಬೂದಿಯನ್ನು ಹಲಗೆಯ ಮೇಲೆ ಹರಡಿ ಕಡ್ಡಿ ಕೊಟ್ಟ. ಒಂದಕ್ಕೆ ಒಂದು ಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು. ಇದರಲ್ಲಿ ಕಲಿಯುವುದೇನಿದೆ, ಕೋಳಿ ಕೂಡ ಕೆದಕುತ್ತದೆ ಎನ್ನಿಸಿತು ಹಿಲಾರಾಗೆ. ಆಮೇಲೆ ಅವನು ಎಲ್ಲವನ್ನೂ ಅಳಿಸಿ ಕವೆಕೋಲಿನಂಥ ಒಂದು ಗುರುತು ಬರೆದ: V.

"ಇದು ಐದು."

ಅವಳು ಅದನ್ನೇ ನೋಡಿದಳು. "ಆ ನಾಲ್ಕು ಎಲ್ಲಿ ಹೋದ್ವು?"

"ಎಲ್ಲೂ ಹೋಗಿಲ್ಲ. ಅದ್ರೊಳಗೇ ಇವೆ."

"ಕಾಣ್ತಿಲ್ವಲ್ಲ."

"ಕಾಣಲ್ಲ. ಇವೆ ಅಂತ ಅಂದ್ಕೋಬೇಕು."

ಅವಳು ಅಂದುಕೊಂಡಳು. ಬೆರಳಾದರೆ ಮಡಿಚಿದರೂ ಅಲ್ಲೇ ಇರುತ್ತದೆ, ಬಿಡಿಸಿ ನೋಡಬಹುದು. ಇಲ್ಲಿ ಬಿಡಿಸಲು ಏನೂ ಇರಲಿಲ್ಲ. ಕಡ್ಡಿ ತೆಗೆದುಕೊಂಡು ಬರೆದಳು, ಕವೆಯ ಬಾಯಿ ಕೆಳಗಾಯಿತು.

"ಅಯ್ಯೋ, ಗುಡಾರ ಹಾಕ್ಬಿಟ್ಲು!" ಎಂದಳು ಮೇವಿಯಾ. "ಒಳಗೆ ಮಲ್ಕೊಳ್ಳೋಕೆ ಯಾರಿದ್ದಾರೆ ತಾಯಿ?" ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಹಿಲಾರಾ ಮಾತಿಗೆ ನೋಯಲೂ ಇಲ್ಲ, ನಗಲೂ ಇಲ್ಲ. ಬೂದಿ ಸವರಿ ಮತ್ತೆ ಬರೆದಳು. ಈ ಸಲ ಕವೆಯ ಬಾಯಿ ಆಕಾಶ ನೋಡಿತು.

ದಿನಗಳು ಹೀಗೆ ಸರಿದವು. ಬೆಳಿಗ್ಗೆ ಕಡಲೆ ಬೇಯಿಸುವುದು, ಮಧ್ಯಾಹ್ನ ಗೋಧಿ ಗೋದಾಮುಗಳ ಮುಂದೆ ಹಮಾಲರಿಗೆ ಮಾರುವುದು, ಸಂಜೆ ಬೂದಿ. ಹಮಾಲರು "ಏನಕ್ಕಾ, ಇವತ್ತು ಕಡಲೆ ಬೆಂದಿಲ್ಲ" ಎಂದರೆ "ಬೆಂದಿಲ್ಲ" ಎನ್ನುವಳು. "ಚೆನ್ನಾಗಿ ಬೆಂದಿದೆ" ಎಂದರೆ "ಬೆಂದಿದೆ" ಎನ್ನುವಳು. ಮನೆಯಲ್ಲಿ ಗಂಜಿಗೆ ಎರಡು ಬಟ್ಟಲು ತೆಗೆದು, ಒಂದನ್ನು ವಾಪಸ್ ಇಡುವಳು.

ಒಂದು ಮಧ್ಯಾಹ್ನ ಗೋದಾಮಿನ ಬಾಗಿಲುಗಳು ಮಾತಾಡತೊಡಗಿದವು. ಮದುವೆಯಾಗಿ ಬಂದಾಗಿನಿಂದ ಆ ಬಾಗಿಲುಗಳ ನೆತ್ತಿಯ ಮೇಲಿನ ಗುರುತುಗಳು ಅವಳಿಗೆ ಗೋಡೆಗೆ ಅಂಟಿದ ಹಲ್ಲಿಗಳ ಹಾಗಿದ್ದವು. ಈಗ ಒಂದೊಂದೂ ತಿರುಗಿ ತನ್ನ ಹೆಸರು ಹೇಳಿತು. ಆರು, ಏಳು, ಎಂಟು. ಎಣ್ಣೆ ಜಾಡಿಗಳ ಹೊಟ್ಟೆಯ ಮೇಲೂ ಅವೇ, ರಸ್ತೆ ಬದಿಯ ಮೈಲಿಗಲ್ಲಿನ ಮೇಲೂ ಅವೇ. ಕಥೆಯಲ್ಲಾದರೆ ಪಕ್ಷಿಗಳ ಭಾಷೆ ತಿಳಿದವರು ಕುಣಿದಾಡುತ್ತಾರೆ. ಹಿಲಾರಾ ಕುಣಿಯಬೇಕೇನೋ ಎಂದು ಸ್ವಲ್ಪ ಕಾದಳು. ಏನೂ ಆಗಲಿಲ್ಲ. ಬಾಗಿಲುಗಳು ಬಾಗಿಲುಗಳಾಗಿಯೇ ಇದ್ದವು, ಈಗ ಅವಕ್ಕೆ ಸಂಖ್ಯೆಗಳಿದ್ದವು, ಅಷ್ಟೇ.

ಒಂಬತ್ತನೆಯ ಬಾಗಿಲಿನ ಮೇಲೆ ಮಾತ್ರ ಅವಳು ಕಲಿತ ಒಂಬತ್ತಿರಲಿಲ್ಲ. ಐದರ ಕವೆ, ಅದರ ಬಲಕ್ಕೆ ನಾಲ್ಕು ಗೆರೆ ಇರಬೇಕಿತ್ತು. ಅಲ್ಲಿ ಹತ್ತರ ಗುರುತಿತ್ತು, ಅಡ್ಡಡ್ಡ ಇಟ್ಟ ಎರಡು ಕೋಲು. ಅದಕ್ಕೆ ಮುಂಚೆ, ಎಡಗಡೆ, ಒಂಟಿ ಗೆರೆ ನಿಂತಿತ್ತು: IX.

ಸಂಜೆ ಕೇಳಿದಳು.

"ಅದೂ ಒಂಬತ್ತೇ," ಎಂದ ಯೂಹೊದ. "ಹತ್ತಕ್ಕೆ ಒಂದು ಕಮ್ಮಿ ಅಂತ. ಗೋದಾಮಿನೋರ ಬರವಣಿಗೆ. ಬಣ್ಣ ಉಳಿಯುತ್ತೆ, ಹೊತ್ತೂ ಉಳಿಯುತ್ತೆ. ನಮ್ಮಲ್ಲಿ ಹಾಗೆ ಬರೆಯಲ್ಲ."

"ಯಾಕೆ?"

"ನನ್ನ ಗುರು ಹೇಳ್ತಿದ್ದ. ಗೋರಿ ಕಲ್ಲಿನ ಮೇಲೆ ಕಳೆಯೋ ಲೆಕ್ಕ ಬರೀಬೇಡ್ರೋ, ಸತ್ತೋರಿಂದ ಕಳೆದಿದ್ದು ಸಾಕು ಅಂತ. ಬದುಕಿದ ಒಂದೊಂದು ವರ್ಷಕ್ಕೂ ಅದರದರ ಬಾಕಿ ಸಲ್ಲಿಸಬೇಕು. ನಾನು ಇವತ್ತಿನವರೆಗೆ ಆ ಮಾತು ಮೀರಿಲ್ಲ."

ಹಿರಿಯರ ದಿನಗಳು ಬಂದೇ ಬಿಟ್ಟವು. ಹಿಂದಿನ ದಿನ ಬೆಳಿಗ್ಗೆ ಹಿಲಾರಾ ಅಂಗಡಿಗೆ ಹೋದಾಗ ಯೂಹೊದ 'ನೆಬ್ರಿಸ್' ಎಂಬ ಹೆಸರನ್ನು ಕೆತ್ತಿ ಮುಗಿಸಿದ್ದ. ಕಲ್ಲನ್ನು ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿ, ಕೆಂಪು ಬಣ್ಣದ ಕುಂಚ ಕೊಟ್ಟ. ಮೊದಲು ಬಣ್ಣದಲ್ಲಿ ಬರೆಯಬೇಕು, ಆಮೇಲೆ ಅದರ ಮೇಲೆ ಉಳಿ ಓಡಿಸಬೇಕು. ಅವಳು ಖಾಲಿ ಜಾಗದ ಮೇಲೆ ಕುಂಚ ಹಿಡಿದು ನಿಂತಳು, ಊರಲಿಲ್ಲ.

"ಮೇಸ್ತ್ರಿ, ಜಾಗ ಸಾಲಲ್ಲ."

ಅವನು ಬಗ್ಗಿದ. ಬೆರಳಿನಿಂದ ಅಳೆದ. ಅದು ಎಳೆಮಕ್ಕಳ ಕಲ್ಲು, ಎರಡೋ ಮೂರೋ ಗೆರೆ ಬಿದ್ದರೆ ಹೆಚ್ಚು ಎಂದು ಜಾಗ ಬಿಟ್ಟಿದ್ದರು. ಒತ್ತೊತ್ತಾಗಿ ಬರೆದರೂ ಒಂದು ಕವೆ, ಮೂರು ಗೆರೆ ಹಿಡಿಸೀತು. ನಾಲ್ಕನೆಯ ಗೆರೆಗೆ ಜಾಗವಿರಲಿಲ್ಲ. ಆಚೆ ಚೌಕಟ್ಟು.

"ಥೂ, ಇದನ್ನ ಮೊದಲೇ ನೋಡ್ಬೇಕಿತ್ತು," ಎಂದ.

"ನಿಮ್ಮ ಹಾಡೇ ಅದು," ಎಂದಳು ಮೇವಿಯಾ. "ಬೇರೆ ಕಲ್ಲು ತೆಗೀರಿ."

"ಎಲ್ಲಿಂದ ತೆಗೀಲಿ? ಸಮುದ್ರ ತೆರೆಯೋವರೆಗೆ ಅಮೃತಶಿಲೆ ಬರಲ್ಲ. ಇರೋವೆಲ್ಲ ಹಿರಿಯರ ದಿನಕ್ಕೆ ಅಂತ ಹೋಗಿದಾವೆ." ಅವನು ಹಿಲಾರಾಳ ಕಡೆ ತಿರುಗಿ ದನಿ ತಗ್ಗಿಸಿದ. "ನೋಡು ತಂಗಿ, ಹತ್ತು ಹಾಕಿಬಿಡೋಣ. ಒಂದೇ ಗುರುತು, ಚೆನ್ನಾಗಿ ಕೂರುತ್ತೆ. ಎಲ್ಲರೂ ಹಾಕಿಸ್ತಾರೆ. ಐವತ್ತೆಂಟಕ್ಕೆ ಅರವತ್ತು, ಇಪ್ಪತ್ಮೂರಕ್ಕೆ ಇಪ್ಪತ್ತೈದು. ಮಗೂಗೆ ಒಂದು ವರ್ಷ ಜಾಸ್ತಿ ಸಿಕ್ಕಿದ್ರೆ ಬೇಡ ಅನ್ನೋರು ಯಾರು?"

"ಅವಳು ಹತ್ತು ನೋಡ್ಲಿಲ್ಲ."

"ಹಾಗಾದ್ರೆ ಗೋದಾಮಿನ ಒಂಬತ್ತೇ ಹಾಕೋಣ," ಎಂದ. ಅದನ್ನು ಹೇಳಲು ಅವನಿಗೆ ಕಷ್ಟವಾಯಿತು. "ಗುರು ಕೇಳಿದ್ರೆ ನಾನು ಉತ್ತರ ಹೇಳ್ಕೋತೀನಿ."

ಹಿಲಾರಾ ಕಲ್ಲಿನ ಪಕ್ಕ ನೆಲದ ಮೇಲೆ ಕೂತಳು. ಅಂಗಡಿಯ ಮುಂದೆ ಯಾರೋ ಬುಟ್ಟಿಯಲ್ಲಿ ನೇರಳೆ ಬಣ್ಣದ ಹೂ ಮಾರಿಕೊಂಡು ಹೋದರು, ನಾಳೆಗೆ. ಅವಳು ಆ ಒಂಬತ್ತನ್ನು ಮನಸ್ಸಿನಲ್ಲಿ ಬರೆದು ನೋಡಿದಳು. ಒಂಟಿ ಗೆರೆ, ಅದರ ಪಕ್ಕ ದೊಡ್ಡದಾಗಿ ಹತ್ತು.

"ಬೇಡ," ಎಂದಳು. "ಅದ್ರಲ್ಲೂ ಹತ್ತು ಕೆತ್ತಬೇಕು. ಅವಳಿಗೆ ಬರದೇ ಇರೋದನ್ನ ನಾನ್ಯಾಕೆ ಕೆತ್ಲಿ? ಕೆತ್ತಿ ಆಮೇಲೆ ಯಾಕೆ ಕಳೀಲಿ?"

ಯೂಹೊದ ಬಣ್ಣದ ಬಟ್ಟಲನ್ನು ಅವಳ ಕಡೆ ಸರಿಸಿದ.

ಹಿಲಾರಾ ಎದ್ದು ಕುಂಚ ಅದ್ದಿದಳು. ಕವೆ ಬರೆದಳು, ಬಾಯಿ ಮೇಲಾಗಿಯೇ ಬಂತು. ಅದಕ್ಕೆ ಅಂಟಿದ ಹಾಗೆ ಒಂದು ಗೆರೆ, ಇನ್ನೊಂದು, ಮತ್ತೊಂದು. ಜಾಗ ಮುಗಿಯಿತು. ಕೈ ಅಲ್ಲಿ ನಿಲ್ಲಲಿಲ್ಲ, ಪಕ್ಕಕ್ಕೆ ಸರಿದು, ಉಬ್ಬಿದ ಚೌಕಟ್ಟಿನ ನುಣುಪಾದ ಪಟ್ಟಿಯ ಮೇಲೆ ನಾಲ್ಕನೆಯದನ್ನು ಎಳೆಯಿತು.

"ಚೌಕಟ್ಟಿನ ಮೇಲಾ!" ಯೂಹೊದ ತಲೆಯ ಮೇಲೆ ಕೈ ಇಟ್ಟ. "ತಂಗಿ, ಅದು ಚೌಕಟ್ಟು ಕಣಮ್ಮ. ಬರೆಯೋ ಜಾಗ ಅಲ್ಲ. ಜನ ನಗ್ತಾರೆ."

"ನಗ್ಲಿ ಬಿಡ್ರಿ," ಎಂದಳು ಮೇವಿಯಾ. "ಮುಸ್ತಿಯಾ ಕಲ್ಲು ನೋಡಿ ನಗಲಿಲ್ವಾ? ಅಲ್ಲಿ ಚಂದಾಗಿತ್ತು, ಸುಳ್ಳಾಗಿತ್ತು."

ಯೂಹೊದ ಸಣ್ಣ ಉಳಿಯನ್ನು ಆರಿಸಿ, ಮರದ ಕೊಡತಿಯ ಜೊತೆ ಅವಳ ಕೈಗೆ ಕೊಟ್ಟ. "ಓರೆಯಾಗಿ ಹಿಡಿ. ಹೊಡೀಬೇಡ, ತಟ್ಟು. ಕಲ್ಲಿಗೆ ಆತುರ ಆಗಲ್ಲ."

ಅವಳು ತಟ್ಟಿದಳು. ಕವೆಯ ಎಡಗೈ, ಕವೆಯ ಬಲಗೈ. ಅದರೊಳಗೆ ಐದು ವರ್ಷಗಳಿದ್ದವು, ಕಾಣುತ್ತಿರಲಿಲ್ಲ, ಇವೆ ಎಂದು ಅಂದುಕೊಂಡಳು. ಆರನೆಯದು ಮುಂದಿನ ಹಲ್ಲು ಬಿದ್ದ ವರ್ಷ, ಅದರ ತುದಿ ಸ್ವಲ್ಪ ಚಕ್ಕೆ ಎದ್ದಿತು. ಏಳನೆಯದು. ಏಳರಲ್ಲಿ ಏನಾಗಿತ್ತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಕಡಲೆ ಬೆಂದಿತ್ತು, ಮಾರಾಟವಾಗಿತ್ತು, ಮಗು ಪಕ್ಕದಲ್ಲಿ ಕೂತಿತ್ತು. ಆ ಗೆರೆ ಎಲ್ಲಕ್ಕಿಂತ ನೆಟ್ಟಗೆ ಬಂತು. ಎಂಟನೆಯದು. ಬಿಳಿ ಧೂಳು ಅವಳ ಮೊಣಕೈವರೆಗೆ ಹತ್ತಿತು, ತುಟಿಗೂ ಹತ್ತಿತು. ಹಿಟ್ಟಿನ ಹಾಗೆ, ರುಚಿಯಿಲ್ಲದೆ.

ಮೇವಿಯಾ ನೀರು ತಂದು ಪಕ್ಕದಲ್ಲಿಟ್ಟಳು. ಹಿಲಾರಾ ಕುಡಿಯಲಿಲ್ಲ. ಕಲ್ಲನ್ನು ಸುತ್ತಿ ಬಂದು ಬಲಗಡೆ ನಿಂತಳು, ಉಳಿಯನ್ನು ಚೌಕಟ್ಟಿನ ಮೇಲಿಟ್ಟಳು. ಅಲ್ಲಿ ಕಲ್ಲು ಗಟ್ಟಿಯಿತ್ತು, ಮೊದಲ ಪೆಟ್ಟಿಗೆ ಉಳಿ ಜಾರಿತು. ಯೂಹೊದ ಸಹಾಯಕ್ಕೆಂದು ಕೈ ಚಾಚಿದ, ಚಾಚಿದವನು ಹಿಂದೆ ತೆಗೆದುಕೊಂಡ. ಅವಳು ಮತ್ತೆ ಇಟ್ಟಳು, ಮತ್ತೆ ತಟ್ಟಿದಳು. ಮೇಲಿನಿಂದ ಕೆಳಕ್ಕೆ ಕೆಂಪು ಬಣ್ಣ ಚೂರುಚೂರಾಗಿ ಎದ್ದು ಹೋಗುತ್ತ, ಅದರ ಜಾಗದಲ್ಲಿ ಬಿಳಿ ಗೆರೆ ಇಳಿಯುತ್ತ ಬಂತು. ಬುಡ ಮುಟ್ಟಿದಾಗ ಕೊಡತಿ ಕೆಳಗಿಟ್ಟು, ಬಗ್ಗಿ, ಧೂಳನ್ನು ಊದಿದಳು.

ಎಡಗಡೆಯಿಂದ ಶುರು ಮಾಡಿ, ಬೆರಳಿಟ್ಟು, ಅವಳು ಅದನ್ನು ಒಮ್ಮೆ ಓದಿದಳು. ಒಂಬತ್ತಿತ್ತು.