ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಯುವರಾಜನ ಬ್ರೂಪಬ್ಬಿನ ಮೆಟ್ಟಿಲು ತುಳಿಯುವುದಿಲ್ಲ ಎಂದು ಅರ್ಧ ಸೊಲ್ಲಾಪುರದ ಮುಂದೆ ಹೇಳಿದವಳು ನಾನು. ಈ ಗುರುವಾರ ಸಂಜೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ಹತ್ತಿರ ಅದೇ ಮೆಟ್ಟಿಲು ಹತ್ತಿದೆ. ಮೈಯೆಲ್ಲ ಉರಿಯುತ್ತಿತ್ತು, ಬಿಸಿಲಿಗಲ್ಲ.

ಹಿಂದೆ ನಾವಿಬ್ಬರೂ ಅಕ್ಕಲಕೋಟೆ ರಸ್ತೆಯಲ್ಲಿ ಒಂದೇ ಪಬ್ ನಡೆಸುತ್ತಿದ್ದೆವು. ಜನ ಬರುತ್ತಿದ್ದದ್ದು ಒಂದೇ ಬಿಯರಿಗೆ, ಜೋಳದ್ದಕ್ಕೆ. ಅದನ್ನು ಹುಳಿ ಬರಿಸುವ ಹೆಪ್ಪು ನಾಗಣಸೂರಿನ ನನ್ನ ಅಜ್ಜಿ ಸೋನಾಬಾಯಿಯ ಅಂಬಲಿ ಗಡಿಗೆಯಿಂದ ಬಂದದ್ದು. ಅವಳನ್ನು ನಾವು ಆಯಿ ಅನ್ನುತ್ತೇವೆ. ಬಿಯರಿಗೂ ಅವಳದೇ ಹೆಸರಿಟ್ಟು ಬೋರ್ಡಿನ ಮೇಲೆ ಮರಾಠಿಯಲ್ಲಿ ಬರೆಸಿದ್ದೆ. ಎರಡು ವರ್ಷದ ಹಿಂದೆ ಯುವರಾಜ ಜಗಳಾಡಿ ಬೇರೆಯಾಗಿ ತನ್ನ ಪಬ್ ತೆರೆದ. ತೆರೆದ ದಿನವೇ ಅಲ್ಲೂ ಜೋಳದ ಬಿಯರು, ಅದೇ ರುಚಿಯದು. ಕದ್ದಿದ್ದಾನೆ ಅಂದೆ. ಸಿಕ್ಕವರಿಗೆಲ್ಲ ಅಂದೆ. ಅವನಿಗೆ ಹೆಣ್ಣು ಕೊಡಲು ಬಂದ ಬೋರಾಮಣಿ ಊರಿನವರಿಗೂ ಅಂದೆ. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈಗ ನನ್ನ ಹೆಪ್ಪು ಸತ್ತಿತ್ತು. ಕೊಂದವಳು ನಾನೇ. ಪುಣೆಯ ಪಬ್ಬುಗಳ ಬಿಯರ್ ರುಚಿ ನೋಡಿ ಬರಲು ಹೊರಟ ಗಡಿಬಿಡಿಯಲ್ಲಿ, ಮೊಬೈಲ್ ಚಾರ್ಜಿಗೆ ಹಾಕಲೆಂದು ಫ್ರಿಜ್ಜಿನ ಪಿನ್ನು ಕಿತ್ತು ಮತ್ತೆ ಹಾಕುವುದನ್ನು ಮರೆತೆ. ಏಪ್ರಿಲ್ ತಿಂಗಳ ಸೊಲ್ಲಾಪುರ! ನಾಲ್ಕನೆಯ ದಿನ ಬಂದು ಬರಣಿ ತೆರೆದರೆ ಸತ್ತ ಇಲಿಯ ವಾಸನೆ. ಆಯಿಯ ಗಡಿಗೆಯೂ ಒಣಗಿತ್ತು, ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳು ಅಂಬಲಿ ಕಾಸುವುದನ್ನೇ ಬಿಟ್ಟಿದ್ದಳು. ಆ ಹೆಪ್ಪು ಇನ್ನೂ ಜೀವಂತ ಇದ್ದದ್ದು ಯುವರಾಜನ ಬಿಯರ್ ಟಾಕಿಯಲ್ಲಿ ಮಾತ್ರ. ಅದು ಸಿಗದಿದ್ದರೆ ಆಯಿಯ ಹೆಸರಿನ ಬಿಯರು ಮತ್ತೆ ನನ್ನ ಕೈಯಿಂದ ಆಗುತ್ತಿರಲಿಲ್ಲ.

"ಬರ್ರಿ ಸಾಯಲಿ ಮೇಡಮ್, ಬರ್ರಿ," ಎಂದ ಯುವರಾಜ. ಕಾಲೇಜಿನಿಂದ ನೀ ನೀ ಅಂದವನ ಬಾಯಲ್ಲಿ ಆ 'ರಿ' ಕೇಳಿ ಕೆನ್ನೆಗೆ ಹೊಡೆದಂತಾಯಿತು. "ಕಳ್ಳರ ಅಂಗಡಿಗಿ ಬಂದೀರಲ್ಲ, ಏನ್ ಕುಡೀತೀರಿ?"

"ಎಲ್ಲಾ ಒಂದೊಂದ ತಾ. ರುಚಿ ನೋಡತೀನಿ."

ಹಲಗೆಯ ಮೇಲೆ ನಾಲ್ಕು ಚಿಕ್ಕ ಗ್ಲಾಸು ಬಂದವು. ಅವನು ಕೈಕಟ್ಟಿ ಎದುರಿಗೇ ನಿಂತ. ಗೋಧಿಯದು ಕುಡಿದು, ಬಾಳೆಹಣ್ಣು ಕೊಳೆತಿದೆ ಅಂದೆ. ಮಾವಿನದಕ್ಕೆ, ಮಕ್ಕಳ ಕೆಮ್ಮಿನ ಔಷಧಿ ಅಂದೆ. ಕರಿಯದು ನಿಜವಾಗಿ ಚೆನ್ನಾಗಿತ್ತು, ಅದಕ್ಕೆ ಏನೂ ಅನ್ನಲಿಲ್ಲ. ನಾಲ್ಕನೆಯದನ್ನು ಬಾಯಿಗಿಟ್ಟೆ. ಮೊದಲು ಹುಳಿ, ಆಮೇಲೆ ಸುಟ್ಟ ರೊಟ್ಟಿಯ ಅಂಚಿನ ರುಚಿ. ಆಯಿಯ ಅಡುಗೆಮನೆಯಲ್ಲಿ ಕೂತ ಹಾಗಾಯಿತು. ಇವನ ಮುಂದೆ ಅಳುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು.

"ಇದಕ್ಕೇನಂತೀರಿ?"

"ಇದು ನಂದು. ನಾಚಿಕಿ ಇಲ್ಲದವ ನೀನು."

"ನಾ ಕದ್ದಿಲ್ಲ. ನಿಮ್ಮ ಆಯಿನ್ನ ಕೇಳು."

"ಆಯಿ ಹೆಸರ ನಿನ್ನ ಬಾಯಾಗ ತಗೀಬ್ಯಾಡ."

ಮುಂದೆ ಒಂದು ತಾಸು ಅದೇ ಆಯಿತು. ಅವನು ಮುರಿದ ಸಂಬಂಧದ ಮಾತು ತೆಗೆದ, ನಾನು ಅವನು ಅರ್ಧಕ್ಕೆ ಬಿಟ್ಟುಹೋದ ಪಬ್ಬಿನ ಮಾತು ತೆಗೆದೆ. ಕೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಅಂದೆ. ಕೊನೆಗೆ ಹೊರಗೆ ಹೊತ್ತು ಮುಳುಗಿದ್ದು ಕಂಡು, ಹಲ್ಲು ಕಚ್ಚಿ ಕೇಳಿದೆ.

"ನನ್ನ ಹೆಪ್ಪ ಸತ್ತೈತಿ. ಒಂದ ಬಟ್ಟಲ ಕೊಡು."

ಅವನು ನನ್ನನ್ನೇ ನೋಡುತ್ತ ಕೈ ಚಾಚಿ ಗೋಡೆಯ ಸ್ವಿಚ್ ಒತ್ತಿದ. ಪಬ್ಬಿನ ದೀಪಗಳೆಲ್ಲ ಹತ್ತಿದವು.

"ದೀಪ ಹಚ್ಚಿದ ಮ್ಯಾಲ ಹೆಪ್ಪ ಕೊಡಬಾರದು. ನಾಳಿ ಹಗಲಿ ಬಾ. ಎಲ್ಲಾರ ಮುಂದ ಕಳ್ಳ ಅಂದಿ, ಎಲ್ಲಾರ ಮುಂದ ಕೇಳು. ಕೊಡತೀನಿ."

ನನಗೆ ಈ ಶಾಸ್ತ್ರ ಹೇಳುತ್ತಾನೆ, ಭಾಡ್ಯಾ! ನಮ್ಮ ಮನೆಯ ಶಾಸ್ತ್ರ ಇವನಿಗೆ ಯಾರು ಕಲಿಸಿದರು ಎಂದು ಆಗಲೇ ಯೋಚಿಸಬೇಕಿತ್ತು. ಸಿಟ್ಟಿನಲ್ಲಿ ಹೊಳೆಯಲಿಲ್ಲ. ಜೋಳದ ಬಿಯರು ಇನ್ನೊಂದು ದೊಡ್ಡ ಗ್ಲಾಸ್ ತರಿಸಿದೆ. ಅದನ್ನು ನಾವು ಸೋಸುವುದಿಲ್ಲ, ತಳದಲ್ಲಿ ಮಬ್ಬಾಗಿ ನಿಲ್ಲುವುದೇ ಜೀವಂತ ಹೆಪ್ಪು. ಯುವರಾಜ ಒಳಗೆ ಹೋದ ಹೊತ್ತು ನೋಡಿ ನನ್ನ ಸ್ಟೀಲ್ ಬಾಟಲಿಗೆ ಸುರಿದುಕೊಂಡೆ. ಬಿಲ್ಲು ಕೊಟ್ಟು ಹೊರಬಿದ್ದೆ. ನನ್ನದನ್ನು ನಾನು ಒಯ್ಯುತ್ತಿದ್ದೇನೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ನಾಗಣಸೂರಿಗೆ ಹೋದೆ. ಬಾಟಲಿಯಲ್ಲಿದ್ದದ್ದನ್ನು ಗಡಿಗೆಯಲ್ಲಿ ಬೆಳೆಸುವುದು ಆಯಿಗೇ ಗೊತ್ತು. ಅವಳು ಕಾಲು ಚಾಚಿ ಪಡಸಾಲೆಯಲ್ಲಿ ಕೂತಿದ್ದಳು. ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದಳು. ಮುಖ ಅರಳಿತು.

"ಇದು ನಮ್ಮದ. ಯುವರಾಜನ ಕಡಿಂದ ತಂದೀಯೇನು? ಕೇಳಿ ತಂದಿ ಹೌದಲ್ಲೊ?"

ಗಡಿಗೆ ಎಲ್ಲಿದೆ ಎಂದು ಕೇಳಿದೆ.

"ಸಾಯಲಿ. ಕೇಳಿ ತಂದೀಯೋ, ಹಂಗ ತಂದೀಯೋ?"

"ಅವನೇನ್ ಕೇಳಿ ಒಯ್ದಿದ್ದನೇನು?"

"ಹೌದು. ಕೇಳಿನ ಒಯ್ದಾನ," ಎಂದಳು ಆಯಿ. "ಸಂಜೀಕ ಬಂದಿದ್ದ. ದೀಪ ಹಚ್ಚೀನಿ, ಕೊಡಂಗಿಲ್ಲ ಅಂದೆ. ರಾತ್ರಿ ಇಲ್ಲೇ ಕಟ್ಟಿ ಮ್ಯಾಲ ಮಲಗಿದ. ಮುಂಜಾನೆ ಜಳಕ ಮಾಡಿ ಬಟ್ಟಲಾ ಹಿಡಕೊಂಡ ನಿಂತ. ಹೆಪ್ಪ ಕೇಳಿದವರಿಗೆ ಇಲ್ಲ ಅನ್ನೂದ ಹ್ಯಾಂಗ?"

"ನನಗ್ಯಾಕ ಹೇಳಲಿಲ್ಲ ನೀ? ಎರಡ ವರ್ಷ ಊರ ತುಂಬಾ ಅವಗ ಕಳ್ಳ ಅಂದೀನಿ."

"ಹೆಪ್ಪ ಕೊಟ್ಟದ್ದ ಯಾರರ ಹೇಳಕೋತ ಅಡ್ಡಾಡತಾರೇನ? ನೀನೂ ಕೇಳಲಿಲ್ಲ."

ನನ್ನ ನೀರಿಳಿದುಹೋಯಿತು. ಆಯಿ ಬಾಟಲಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದಳು. ಇದು ನನ್ನ ಗಡಿಗೆಯೊಳಗೆ ಹೋಗುವುದಿಲ್ಲ ಎಂದಳು. ಗೋಡೆ ಹಿಡಿದು ಎದ್ದು, ಕುಂಟುತ್ತ ಒಳಗೆ ಹೋಗಿ ಒಂದು ಖಾಲಿ ಹಿತ್ತಾಳೆ ಬಟ್ಟಲು ತಂದು ನನ್ನ ಕೈಯಲ್ಲಿಟ್ಟಳು.

"ಹೋಗು. ಇನ್ನ ಹಗಲ ಐತಿ."

ಚಿಂಚೋಳಿ ಮುಟ್ಟಿದಾಗ ಮಧ್ಯಾಹ್ನ ಒಂದಾಗಿತ್ತು. ಕಾರ್ಖಾನೆಯವರು ಊಟಕ್ಕೆ ಬಂದು ಟೇಬಲ್ಲುಗಳೆಲ್ಲ ತುಂಬಿದ್ದವು. ನನ್ನ ಪಬ್ಬಿಗೆ ಬರುವ ಎಂಟು ಹತ್ತು ಮಂದಿಯೂ ಅಲ್ಲಿದ್ದರು. ನಾನು ನೆಟ್ಟಗೆ ಯುವರಾಜನ ಕೌಂಟರಿಗೆ ಹೋಗಿ ಬಟ್ಟಲು ಮುಂದೆ ಹಿಡಿದೆ.

"ಹೆಪ್ಪ ಕೊಡು."

"ಕಳ್ಳಗ ಕೇಳಾಕತ್ತೀರೇನ್ರಿ?"

ಹತ್ತಿರದ ಟೇಬಲ್ಲಿನವರು ತಿನ್ನುವುದು ಬಿಟ್ಟು ನೋಡಿದರು. ನಾನು ಸ್ಟೀಲ್ ಬಾಟಲಿ ತೆಗೆದು ಕೌಂಟರಿನ ಮೇಲೆ ಇಟ್ಟೆ.

"ನೀ ಕದ್ದಿಲ್ಲ. ನಮ್ಮ ಆಯೀನೇ ನಿನಗ ಕೊಟ್ಟಾಳ," ಎಂದೆ, ಮೂಲೆಯವರಿಗೂ ಕೇಳುವ ಹಾಗೆ. "ನಿನ್ನೆ ಕದ್ದಾಕಿ ನಾನು. ಈಗ ಕೇಳಾಕ ಬಂದೀನಿ."

ಅವನು ಬಾಟಲಿಯನ್ನು ಸಿಂಕಿನಲ್ಲಿ ಸುರಿದು ತೊಳೆದು ವಾಪಸ್ ಇಟ್ಟ. ಆಮೇಲೆ ಬಟ್ಟಲು ತೆಗೆದುಕೊಂಡು ಟಾಕಿಯ ಕೋಣೆಗೆ ಹೋದ. ಕೂತುಕೋ ಅನ್ನಲಿಲ್ಲ. ಬಟ್ಟಲು ಬರುವತನಕ ಅಷ್ಟು ಜನರ ಮುಂದೆ ನಿಂತೇ ಇದ್ದೆ.